ಕುಡಗೋಲ ಗುಡ್ಡದ ಮೇಲೆ ಗಂಡನ ಹೆಸರು ಹಿಡಿದು ಕೂಗಿದ ಬಗ್ಗೆ

ನನ್ನ ಹೆಸರು ಗೌರವ್ವ ಕೋಂ ಕಾಡಸಿದ್ದ ತೋಡಕರ, ವಯಸ್ಸು 36, ಉದ್ಯೋಗ ಮನೆಗೆಲಸ ಹಾಗೂ ಒಣಮೆಣಸಿನಕಾಯಿ ವ್ಯಾಪಾರ, ಸಾಕಿನ್ ಗಡಹಿಂಗ್ಲಜ, ಜಿಲ್ಲಾ ಕೊಲ್ಹಾಪುರ. ಮರಾಠಿಯನ್ನೂ ಮಾತಾಡುತ್ತೇನೆ, ಮನೆಮಾತು ಹಾಗೂ ಓದು ಕಲಿತದ್ದು ಕನ್ನಡ. ಆದ್ದರಿಂದ ಕನ್ನಡ ಬಲ್ಲ ಹವಾಲ್ದಾರರ ಮುಂದೆ ಕೂತು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಬೆಳಿಗ್ಗೆ ಗುಡ್ಡದ ಮೇಲೆ ಹೆಂಗಸೊಬ್ಬಳು ಗಂಡನ ಹೆಸರು ಹಿಡಿದು ಚೀರಿದಳು, ಆಮೇಲೆ ಕಲ್ಲು ಉರುಳಿದವು, ಜಗಳವಾಗಿ ಗಂಡನನ್ನು ನೂಕಿರಬೇಕು ಎಂದು ದನ ಕಾಯುವವರು ಪೊಲೀಸ ಪಾಟೀಲರಿಗೆ ತಿಳಿಸಿದ್ದಾರಂತೆ. ಚೀರಿದವಳು ನಾನೇ. ಆದರೆ ಕಲ್ಲು ಮೊದಲು ಉರುಳಿದವು, ನಾನು ಚೀರಿದ್ದು ಆಮೇಲೆ. ಹಿಂದಿನದು ಮುಂದೆ ಮಾಡಿ ಹೇಳುವ ಬಾಯಿಗಳಿಗೆ ಏನು ಮಾಡುವುದು?

ತಾರೀಖು 28-11-1964 ಶನಿವಾರ ಸಂಜೆ 4 ಗಂಟೆಗೆ ನಾನು, ನಮ್ಮ ಮನೆಯವರು, ಅವರ ಗೆಳೆಯರಾದ ಹುಪರಿಯ ಬೆಳ್ಳಿ ಕೆಲಸದ ಜಯಪಾಲ ಮತ್ತು ಅವರ ಹೆಂಡತಿ ರತ್ನಮಾಲಾ, ನಾಲ್ವರೂ ಗುಡ್ಡ ಹತ್ತಿದೆವು. ನಮ್ಮ ಮನೆಯವರಿಗೆ ಗುಡ್ಡದ ಹುಚ್ಚು. ಓಣಿಯವರು ಚಲೋ ಮಾಳಿಗಿ ಮನಿ ಬಿಟ್ಟ ಕಲ್ಲಿನ ಮ್ಯಾಲ ಮಲಗಾಕ ಹೋಗತಾರ ನೋಡ್ರಿ ಎಂದು ನಗುತ್ತಾರೆ. ನಗಲಿ. ನಮ್ಮ ಮನೆಯವರು ನೂರೈವತ್ತು ಅಡಿ ಹಗ್ಗ, ಬ್ಯಾಟರಿ, ಔಷಧ ಇಲ್ಲದೆ ಹೊರಡುವವರಲ್ಲ. ಹೊತ್ತು ಮುಳುಗುವ ಮೊದಲೇ ಅಂಚಿನಿಂದ ನಲವತ್ತು ಹೆಜ್ಜೆ ಒಳಗೆ ತಂಬು ಹೊಡೆದರು. ಒಬ್ಬರೇ ಅಂಚಿಗೆ ಹೋಗಬಾರದು, ಮಂಜು ಕವಿದರೆ ಕೂಗು ಕೇಳಿದ ಕಡೆ ಬರಬೇಕು ಎಂದು ಎಲ್ಲರಿಗೂ ಹೇಳಿದರು. ಈ ಎರಡನೆಯ ಮಾತೇ ನಮಗೆ ಮುಳುವಾಯಿತು.

ಗುಡ್ಡದ ನೆತ್ತಿ ಕುಡಗೋಲಿನ ಹಾಗೆ ಬಾಗಿದೆ. ಹಿಡಿಕೆಯ ಕಡೆ ನಮ್ಮ ತಂಬು, ತುದಿಯಲ್ಲಿ ನೀರಿನ ಟಾಕಿ. ನಡುವಿನ ದಾರಿ ಕೆಲವೆಡೆ ನಾಲ್ಕೇ ಅಡಿ ಅಗಲ. ಬಾಗಿನ ಒಳಗೆ ನೂರು ಅಡಿ ಹುಲ್ಲಿನ ಇಳಿಜಾರು, ಅದರಾಚೆ ಮುನ್ನೂರು ಅಡಿ ಕಡಿದಾದ ಬಂಡೆ.

ರವಿವಾರ ಬೆಳಿಗ್ಗೆ 6-20ಕ್ಕೆ ಗಂಡಸರಿಬ್ಬರೂ ಕಟ್ಟಿಗೆಗೆಂದು ಬಾಗಿನ ನಡುವಿನವರೆಗೆ ಹೋದರು. ರತ್ನಮಾಲಾ ಕೊಡ ಹಿಡಿದು ಟಾಕಿಗೆ ಹೋಗಿದ್ದಳು. 6-45ಕ್ಕೆ ಮಂಜು ಕವಿದು ನನ್ನ ಕೈಬಳೆ ನನಗೇ ಕಾಣದಾಯಿತು. ನಾನು ರೀ, ಬರ್ರೀ ಎಂದು ಕೂಗಿದೆ. ಆ ತುದಿಯಿಂದ ರತ್ನಮಾಲಾ ಕೂಡ ರೀ, ಬರ್ರೀ ಎಂದು ಕೂಗಿದಳು. ನಮ್ಮಿಬ್ಬರ ಗಂಡಂದಿರೂ ರೀ ಅಲ್ಲವೇ?

ಐದು ನಿಮಿಷಕ್ಕೆ ಒಬ್ಬರು ಬಂದರು. ಅಂತೂ ಬಂದ್ರಲ್ಲಾ ಎಂದು ರೆಟ್ಟೆ ಹಿಡಿದೆ, ನೋಡಿದರೆ ಜಯಪಾಲಣ್ಣ! ನಿಮ್ಮ ಹೆಂಡತಿ ದನಿ ನಿಮಗ ಗುರ್ತ ಸಿಗಲಿಲ್ಲೇನ್ರಿ ಎಂದು ಬೈದೆ. ಹಿಂದಿನ ಸಂಜೆ ಭಜನೆ ಹಾಡಿ ಅವರ ಗಂಟಲು ಕಟ್ಟಿತ್ತು. ಮಂಜಿನ್ಯಾಗ ಎಲ್ಲಾರ ಹೆಂಡ್ರ ದನಿ ಒಂದ ಕೇಳಸ್ತೈತ್ರಿ ವೈನಿ ಎಂದು ಪಿಸುಗುಟ್ಟಿದರು.

ಆಗ ಬಾಗಿನ ಒಳಗಿಂದ ಕಲ್ಲು ಉರುಳಿದ ಸಪ್ಪಳ ಕೇಳಿತು. ನಮ್ಮ ಮನೆಯವರು ದಾರಿ ಬಿಟ್ಟು, ರತ್ನಮಾಲಾಳ ದನಿಯನ್ನು ನನ್ನದೆಂದು ತಿಳಿದು ನೆಟ್ಟಗೆ ಅದರ ಕಡೆಗೇ ಇಳಿಯುತ್ತಿದ್ದಾರೆಂದು ನಮಗೆ ಗೊತ್ತಾಯಿತು. ರೀ, ನಿಂದರ್ರೀ ಎಂದೆ. ಅತ್ತಿಂದ ಅವಳು ರೀ, ಬರ್ರೀ ಎಂದಳು. ಮತ್ತೆ ಕಲ್ಲು ಉರುಳಿದವು. ಜಯಪಾಲಣ್ಣ ನನಗ ದನೀನ ಇಲ್ರಿ, ನೀವ ಹೆಸರ ಹಿಡದ ಕೂಗ್ರಿ ಎಂದರು.

ಮದುವೆಯಾಗಿ ಹದಿನೆಂಟು ವರ್ಷ. ಮದುವೆ ದಿನ ಎಲ್ಲರೂ ಕಾಡಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಂದ ಬಂದಿಲ್ಲ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಬಾಳಕ್ಕ ಕಲಿಸಿದ್ದಳು. ವರ್ಷ ಹೋದರೆ ಹೋಗಲಿ, ಈ ಹೊತ್ತು ಉಳಿಯಲಿ ಶಿವನೇ ಎಂದುಕೊಂಡೆ. ಮೆಣಸಿನಕಾಯಿ ಹರಾಜಿನ ಸವಾಲಿನಲ್ಲಿ ಇಡೀ ಪೇಟೆಗೆ ಕೇಳುವ ದನಿ ನನ್ನದು. ಆ ದನಿಯನ್ನೆಲ್ಲ ಹೊರಬಿಟ್ಟು, ಕಾಡಸಿದ್ದಾ, ನಿಂದರಲ್ಲೇ, ಒಂದ ಹೆಜ್ಜಿ ಇಟ್ಟೀ ಅಂದ್ರ ನೋಡ ಎಂದು ಚೀರಿದೆ. ದನ ಕಾಯುವವರು ಕೇಳಿದ್ದು ಇದನ್ನೇ. ಆಗ ಬೆಳಿಗ್ಗೆ 7 ಗಂಟೆ.

ಸದ್ದಿಲ್ಲ. ಜಯಪಾಲಣ್ಣನ ಗಡಿಯಾರದಲ್ಲಿ ಎರಡು ನಿಮಿಷವಂತೆ. ನಾನು ಒಪ್ಪುವುದಿಲ್ಲ. ಆಮೇಲೆ ಕೆಳಗಿನಿಂದ, ಯಾರದು ನನ್ನ ಹೆಸರ ಹಿಡದಾವ್ರು ಎಂಬ ಮಾತು ಬಂತು. ನಿನ್ನ ಹೆಂಡತಿ, ಕುಂಡರಲ್ಲೇ ಎಂದೆ. ಕೂತೇನಿ ಎಂದರು. ನಾನೂ ಅಲ್ಲಿಯೇ ಕೂತು ಅತ್ತೆ. ಅತ್ತ ರತ್ನಮಾಲಾಳೂ ತಿಳಿದು ಕೂಗು ನಿಲ್ಲಿಸಿದಳು.

8-10ಕ್ಕೆ ಮಂಜು ಸರಿಯಿತು. ಅವರ ಪಾದದಿಂದ ಮೂರು ಅಡಿಗೆ ಗುಡ್ಡ ಮುಗಿದಿತ್ತು. ಹಗ್ಗವನ್ನು ಬಂಡೆಗೆ ಬಿಗಿದು ಇಳಿಬಿಟ್ಟೆವು. 8-35ಕ್ಕೆ ಮೇಲೆ ಬಂದರು. ಮೊಣಕಾಲು ತರಚಿದ್ದು ಬಿಟ್ಟರೆ ಗಾಯವಿಲ್ಲ. ಅವ್ವ ಸತ್ತ ಮ್ಯಾಲ ನನಗ ಹಂಗ ಯಾರೂ ಕರದಿಲ್ಲ, ಆಕೀನ ಬಂದ್ಲೇನೋ ಅಂತ ಕಾಲ ನಿಂತವು ಎಂದರು. ಇಳಿಯುವಾಗ ಬಯಲು ಸಿಕ್ಕ ಮೇಲೆ, ಇನ್ನೊಮ್ಮೆ ಕರೀ ಎಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕರೆದೆ.

ಇನ್ನು ಮುಂದೆ ಮಂಜಿನಲ್ಲಿ ಇದ್ದಲ್ಲೇ ಕೂರುವುದು, ಹೆಸರು ಹಿಡಿದೇ ಕರೆಯುವುದು ಎಂದು ನಾಲ್ವರೂ ಒಪ್ಪಿದ್ದೇವೆ. ಬರುವ ತಿಂಗಳು ಮತ್ತೆ ಹತ್ತುವವರಿದ್ದೇವೆ. ನಾನು ನೂಕಿದೆನೆಂಬ ಸದರಿ ಮನುಷ್ಯ ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾರೆ. ಸಾಹೇಬರಿಗೆ ನೋಡಬೇಕೆನಿಸಿದರೆ ಪೊಲೀಸರನ್ನು ಕಳಿಸುವ ಕಾರಣವಿಲ್ಲ. ಇಲ್ಲಿಂದಲೇ ನಾನು ಹೆಸರು ಹಿಡಿದು ಕರೆಯುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಗಡಹಿಂಗ್ಲಜ
ತಾರೀಖು: 30-11-1964
ಸಹಿ: ಗೌರವ್ವ ಕಾಡಸಿದ್ದ ತೋಡಕರ