ಪುರಾವೆ ಇಲ್ಲದ ಬೆರಳುಗಳು

...ಇಲ್ಲ ಅಕ್ಕಾ, ತಪ್ಪು ತಿಳ್ಕೋಬೇಡ. ನನಗೆ ಸರಿಯಾಗಿ ಹೇಳೋಕೆ ಬರಲ್ಲ, ಮೊದಲೇ ಕ್ಷಮಿಸಿಬಿಡು. ಡಾಕ್ಟರಾಗಿ ರೋಗಿಗಳಿಗೆಲ್ಲ ಗಂಟೆಗಟ್ಟಲೆ ಹೇಳ್ತೀನಿ, ನಿನ್ನ ಮುಂದೆ ಮಾತ್ರ ನಾಲಿಗೆ ತೊಡರುತ್ತೆ. ಈ ವ್ಯಾಯಾಮದ ಕೋಣೆ ಬಾಗಿಲು ಯಾಕೆ ಹಾಕಿದೆ ಅಂದ್ರೆ... ನಿನ್ನ ಕೈಗೆ ವ್ಯಾಯಾಮ ಮಾಡಿಸೋ ಮೇಡಂ ರಜೆ. ಹಾಂ, ರಜೆ. ಕೂತ್ಕೋ. ಆ ಕಡೆ ಕೂತ್ಕೋ, ಈ ಕಡೆ ಬೆಂಚು ಅಲ್ಲಾಡುತ್ತೆ.

ಏನು ಹಾಗೆ ನೋಡ್ತೀಯ? ಸರಿ, ರಜೆ ಅಲ್ಲ. ಬೇರೆ ವಾರ್ಡಿಗೆ ಹಾಕಿದ್ದಾರೆ. ಯಾಕಂದ್ರೆ... ಬಿಡಿಸಿ ಹೇಳ್ತೀನಿ. ಆಸ್ಪತ್ರೆಯಲ್ಲಿ ಒಂದು ಸಮಿತಿ ಇದೆ. ಯಾವ ಚಿಕಿತ್ಸೆಗೆ ಪುರಾವೆ ಇದೆ, ಯಾವುದಕ್ಕೆ ಇಲ್ಲ ಅಂತ ನೋಡುತ್ತೆ. ಪುರಾವೆ ಅಂದ್ರೆ, ನೂರಾರು ರೋಗಿಗಳ ಮೇಲೆ ಪ್ರಯೋಗ ಮಾಡಿ, ಗುಣ ಆಯ್ತೋ ಇಲ್ಲವೋ ಅಂತ ಲೆಕ್ಕ ಹಾಕೋದು. ಒಳ್ಳೇದೇ ಅಕ್ಕಾ! ಇಲ್ಲದಿದ್ರೆ ಕೈಗೆ ಸಿಕ್ಕ ಮದ್ದನ್ನೆಲ್ಲ ಕೊಡ್ತಿದ್ವಿ. ಆದ್ರೆ ನಿನ್ನ ಹಾಗೆ ಪಾರ್ಶ್ವವಾಯು ಹೊಡೆದು ವರ್ಷ ಕಳೆದವರ ಮೇಲೆ, ಅದರಲ್ಲೂ ಸಕ್ಕರೆ ಕಾಯಿಲೆ ಇರೋರ ಮೇಲೆ, ಯಾರೂ ಈ ವ್ಯಾಯಾಮದ ಪ್ರಯೋಗ ಮಾಡೇ ಇಲ್ಲ. ಮಾಡದೇ ಇದ್ದದ್ದನ್ನ ಸಮಿತಿ 'ಪ್ರಯೋಜನ ಇಲ್ಲ' ಅನ್ನೋ ಸಾಲಿಗೆ ಸೇರಿಸಿಬಿಟ್ಟಿತು. ಹುಡುಕಿ ಸಿಗದೇ ಇರೋದು ಬೇರೆ, ಹುಡುಕದೇ ಇರೋದು ಬೇರೆ. ಗೊತ್ತು, ನನಗೂ ಗೊತ್ತು!

ಯಾಕೆ ನಗ್ತೀಯ? ಓ... ಸ್ವೆಟರ್ ಗುಂಡಿ. ನೀನೇ ಹಾಕ್ಕೊಂಡ್ಯಾ? ಆ ಕೈಯಲ್ಲೇ? ತೋರಿಸ್ಬೇಡ, ದಮ್ಮಯ್ಯ, ಈಗ ತೋರಿಸ್ಬೇಡ. ನಿನ್ನೊಬ್ಬಳ ಗುಂಡಿ ಪುರಾವೆ ಆಗಲ್ಲ.

ಆ ದೊಡ್ಡ ಪೆಟ್ಟಿಗೆನ ಯಾಕೆ ನೋಡ್ತೀಯ? ಹೊಸ ಸ್ಕ್ಯಾನಿಂಗ್ ಮೆಷಿನ್ ಅದು. ಅದಕ್ಕೆ ಯಾರೂ ಪುರಾವೆ ಕೇಳಲಿಲ್ಲ. ತರಿಸಿದ್ದು ಮೇಲಿನವರು, ಅವರನ್ನ ಕೇಳೋರು ಯಾರು? ಅದಕ್ಕೆ ಜಾಗ ಬೇಕಿತ್ತು, ಈ ಕೋಣೆ... ಥೂ, ನಾನ್ಯಾಕೆ ಇದನ್ನೆಲ್ಲ ಹೇಳ್ತಿದೀನಿ!

ಮತಕ್ಕೆ ಹಾಕಿದ್ರು. ಸಮಿತಿಯಲ್ಲಿ ಅರ್ಧ ಜನ ಈ ಚಿಕಿತ್ಸೆ ಇರಲಿ ಅಂದ್ರು, ಅರ್ಧ ಜನ ಬೇಡ ಅಂದ್ರು. ಸಮ ಬಂದ್ರೆ ಅಧ್ಯಕ್ಷರ ಮತವೇ ಕೊನೆ. ಅಧ್ಯಕ್ಷರು ಬೇಡ ಅಂದ್ರು. ಅಷ್ಟೇ ಆಗಿದ್ದು.

ಅಧ್ಯಕ್ಷರು ಯಾರು ಅಂತ ಕೇಳಲ್ವಾ?... ಕೇಳಕ್ಕಾ. ಬೈದಾದ್ರೂ ಬೈಯಿ. ಚಿಕ್ಕವನಿದ್ದಾಗ ಕಿವಿ ಹಿಂಡ್ತಿದ್ದೆಯಲ್ಲ, ಹಿಂಡು. ಹೂಂ. ನಾನೇ.

ಯಾಕೆ ಅಂದ್ರೆ, ಕೇಳು, ನಾನು ನಿನ್ನ ತಮ್ಮ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಇರಲಿ ಅಂದಿದ್ರೆ, ಅಕ್ಕನಿಗೋಸ್ಕರ ಅಂತ ಆಡ್ಕೋತಿದ್ರು. ಅದಕ್ಕೇ... ಹಾಂ, ಬಂದೆ ಸಿಸ್ಟರ್, ಬಂದೆ! ಕರೀತಿದ್ದಾರೆ. ಅದಕ್ಕೇ ಅಕ್ಕಾ, ನಿನಗೆ ಗುಣ ಆಗ್ತಿರೋದನ್ನ ಆ ಸಮಿತಿಯಲ್ಲಿ ಕಣ್ಣಾರೆ ನೋಡಿದ್ದು ನಾನೊಬ್ಬನೇ ಆಗಿದ್ದರಿಂದಲೇ, ನಾನು—