ಕಡಕ್ ರೊಟ್ಟಿಯೂ ಕಡಲತೀರವೂ

ರಾಣೇಬೆನ್ನೂರು ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತಿದ್ದ ರೋಹಿಣಿಯ ಕಿವಿಯೆಲ್ಲ ಹಿಂದಿನ ಬೆಂಚಿನ ಮೇಲೇ ಇತ್ತು. ಅಲ್ಲಿ ಅವಳ ಓಣಿಯ ರಾಘಣ್ಣ ಮಾಸ್ತರು ಹೆಂಡತಿ ಜಾನಕೀಬಾಯಿಯನ್ನು ಒಪ್ಪಿಸಲು ನೋಡುತ್ತಿದ್ದರು.

"ರಿಟೈರ್ ಆತಲ್ಲ, ಇನ್ನ ಸಮುದ್ರದ ದಂಡಿಮ್ಯಾಲೆ ಇರೂಣು. ಗೋವಾನೋ, ಕೇರಳಾನೋ, ನೀನ ಹೇಳು."

"ಎರಡರಾಗ ಜೋಳದ ಕಡಕ್ ರೊಟ್ಟಿ ಎಲ್ಲಿ ಕಡಕ್ ಉಳೀತಾವರಿ?"

"ಪ್ರವಾಸಕ್ಕ ಒಯ್ದಿದ್ದಿವಲ್ಲ. ಗೋವಾದಾಗ ಸಮುದ್ರದ ಹಸಿ ಗಾಳಿಗೆ ಸಂಜಿಗೆ ಮೆತ್ತಗಾದ್ವು."

"ಕೇರಳದಾಗ?"

"ಡಬ್ಬಿ ತಗಿಯೂದ್ರಾಗ ತೊಯ್ದ ಅರಿವಿಯಂಗ ಆಗಿದ್ವು. ಅಂದ್ರ ಕೇರಳಕ್ಕಿಂತ ಗೋವಾನ ಪಾಡು."

"ಅಲ್ಲಿ ರಾತ್ರಿ ಊಟ ಮಾಡೂದಿಲ್ಲೇನು?"

ಅಷ್ಟರಲ್ಲಿ ಅವರ ಹಾವೇರಿ ಬಸ್ಸು ಬಂತು. ಜಾನಕೀಬಾಯಿ ಚೀಲ ಎತ್ತಿಕೊಂಡರು.

"ನಿಮ್ಮ ಹಲ್ಲು ಬಿದ್ದಮ್ಯಾಲೆ ಹೋಗೂಣು ಬಿಡ್ರಿ. ಆವಾಗ ಮೆತ್ತನ್ನ ರೊಟ್ಟಿನ ಬೇಕಾಗ್ತಾವ."

ಬಸ್ಸು ಹೊರಟಾಗ ಕಿಟಕಿಯಲ್ಲಿ ಮಾಸ್ತರು ಒಂದೊಂದೇ ಹಲ್ಲನ್ನು ಅಲ್ಲಾಡಿಸಿ ನೋಡಿಕೊಳ್ಳುತ್ತಿದ್ದರು.