ಅರಾಸ್ ನೆಲಮಾಳಿಗೆಯ ಮೂರು ಬಡಿತ

ಫ್ರಾನ್ಸಿನ ಅರಾಸ್ ಊರಲ್ಲಿ ಒಂದೇ ದಿನದಲ್ಲಿ ನೋಡಲಾಗದಷ್ಟು ನೋಡಿಬಿಟ್ಟಿದ್ದೆವು! ಬೆಳಗ್ಗೆ ಗಂಟೆಗೋಪುರ ಹತ್ತಿ, ತುದಿಯ ಚಿನ್ನದ ಸಿಂಹವನ್ನು ಹತ್ತಿರದಿಂದ ಕಂಡು, ಯುದ್ಧದಲ್ಲಿ ಪುಡಿಯಾದ ಆ ಗೋಪುರವನ್ನೇ ಮತ್ತೆ ಹಾಗೇ ಕಟ್ಟಿದರಲ್ಲ ಎಂದು ಕಿರುಚಿ, ಕೆಳಗಿಳಿದು ಚಾಕಲೇಟಿನ ಇಲಿ ತಿಂದು, ದೊಡ್ಡ ಚೌಕದ ಮನೆಗಳ ಮುಂಭಾಗದ ಚಿತ್ರಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದಾಗ ಮಳೆ ಸುರಿಯಿತು. ಎಂಥ ಮಳೆ! ಗೆಳೆಯ ರೆಮಿ ನನ್ನ ನೋಟ್‌ಬುಕ್ ಕಸಿದುಕೊಂಡು ಹತ್ತಿರದ ಕಾಫಿ ಅಂಗಡಿಗೆ ಓಡಿದ, ಹಿಂದೆ ನಾನು. ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೂವತ್ತು ಮೆಟ್ಟಿಲು ಇಳಿದರೆ ಬಳಪದಂಥ ಬಿಳಿ ಸುಣ್ಣಕಲ್ಲಿನ ಕೋಣೆ. ಅದು ತುಂಬಿತ್ತು. ಗೋಡೆಯಲ್ಲಿದ್ದ ಒಂದು ಕಿಂಡಿಯಲ್ಲಿ ತಲೆ ಬಗ್ಗಿಸಿ ನುಗ್ಗಿದರೆ ಒಳಗೆ ಇನ್ನೊಂದು ಸಣ್ಣ ಕೋಣೆ, ಒಂದೇ ಮೇಜು, ಒಬ್ಬಳೇ ಅಜ್ಜಿ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೇಲೆ ಇನ್ನೂ ಒಂದು ಗಂಟೆ ಹೊಡೆಯುತ್ತೆ ಮಳೆ," ಅಂದಳು. ಹೆಸರು ಎಲಿಯಾನ್. ಅಂಗಡಿ ಅವಳದೇ. ಎಪ್ಪತ್ತೆಂಟು ದಾಟಿದ್ದರೂ ಕೈ ಮಾತ್ರ ಕಲ್ಲುಕುಟಿಗನ ಕೈಯ ಹಾಗೆ ಒರಟು.

"ಅಜ್ಜಿ, ಇವಳು ಊರಿನ ಕಲ್ಲನ್ನೆಲ್ಲ ಮಾತಾಡಿಸಿ ಆಯ್ತು," ರೆಮಿ ನನ್ನ ಕಡೆ ಬೆರಳು ಮಾಡಿದ. "ಇನ್ನು ನಿಮ್ಮನ್ನ ಬಿಡಲ್ಲ."

"ಕಲ್ಲು ತಿರುಗಿ ಮಾತಾಡಿತೇನೇ ಮಗಳೇ?" ಎಂದು ಅಜ್ಜಿ ನನ್ನನ್ನೇ ನೋಡಿದಳು. ನಕ್ಕೆ. ಅವಳು ನಗಲಿಲ್ಲ. ಚಿಕೋರಿ ಬೆರೆಸಿದ ಕಾಫಿ ಮುಂದಿಟ್ಟು ಶುರು ಮಾಡಿಯೇಬಿಟ್ಟಳು.

"ಕೇಳಿ ಹಾಗಾದ್ರೆ. ಮೊದಲನೇ ಮಹಾಯುದ್ಧ, ಸಾವಿರದ ಒಂಬೈನೂರ ಹದಿನೈದನೇ ಇಸವಿ, ಜುಲೈ ತಿಂಗಳು, ಜರ್ಮನ್ನರು ಊರಾಚೆಯಿಂದ ಫಿರಂಗಿ ಶೆಲ್ ಹಾಕ್ತಾ ಇದ್ದಾರೆ, ಊರಿಗೆ ಊರೇ ಈ ನೆಲಮಾಳಿಗೆಗಳಲ್ಲಿ ಬದುಕ್ತಾ ಇದೆ... ಇಲ್ಲೇ ಅಡುಗೆ, ಇಲ್ಲೇ ಹೆರಿಗೆ, ಇಲ್ಲೇ ಜಗಳ. ಒಂದೊಂದು ಮನೆಗೂ ಮಧ್ಯ ಒಂದು ಗೋಡೆ ಅಷ್ಟೇ. ಶೆಲ್ ನಿಂತ ತಕ್ಷಣ ಈ ಸಾಲಿನ ಮೊದಲನೇ ಮನೆಯವರು ಪಕ್ಕದ ಗೋಡೆಗೆ ಮೂರು ಸಲ ಬಡೀಬೇಕು, ಇದ್ದೀರಾ ಅಂತ. ಆ ಪಕ್ಕದವರು ಮುಂದಿನವರಿಗೆ, ಅವರು ಅದರ ಮುಂದಿನವರಿಗೆ... ಕೊನೇ ಮನೆಯಿಂದ ಮತ್ತೆ ಮೂರು ಬಡಿತ ಗೋಡೆ ಗೋಡೆ ದಾಟಿ ವಾಪಸ್ ಬಂದ್ರೆ ಎಲ್ಲರೂ ಕ್ಷೇಮ. ಯಾರಾದ್ರೂ ಉತ್ತರ ಕೊಡ್ಲಿಲ್ಲ ಅನ್ನಿ, ಆಗ ಒಂದೊಂದೇ ಬಡಿತ. ಒಂದು... ಒಂದು... ಒಂದು. ಅಂದ್ರೆ ಅಗೀರಿ ಅಂತ. ಗುದ್ದಲಿ ಹಿಡ್ಕೊಂಡು ಇಡೀ ಸಾಲೇ ಓಡಿ ಬರೋದು. ಎಷ್ಟು ಜೀವ ಉಳೀತು ಗೊತ್ತಾ ಹಾಗೆ?

"ನಮ್ಮಜ್ಜಿ ಫ್ಲೋರೀನ್‌ದು ಕೊನೆಯಿಂದ ಎರಡನೇ ಮನೆ. ಕೊನೇದು ಲಿಯೊಕಾದಿದು, ಒಂಟಿ ಹೆಂಗಸು. ಅದರಾಚೆ ಬರೀ ಕಲ್ಲು. ಇಬ್ರಿಗೂ ಮಾತು ಬಿಟ್ಟಿತ್ತು. ಯಾಕೆ ಹೇಳಿ? ಕಾಫಿ ಬೀಜ ಬೀಸೋ ನಮ್ಮಜ್ಜಿಯ ಮರದ ಕೈಗಿರಣಿ! ಲಿಯೊಕಾದಿ ಎರವಲು ತಗೊಂಡವಳು ವಾಪಸ್ ಕೊಟ್ಟಿರಲಿಲ್ಲ. ಮೇಲೆ ಊರು ಸುಡ್ತಾ ಇದೆ, ಇವರಿಗೆ ಕೆಳಗೆ ಗಿರಣಿ ಚಿಂತೆ... ನಗ್ಬೇಡ್ವೋ ರೆಮಿ, ಕಾಫಿ ಇಲ್ದೆ ನಮ್ಮ ಕಡೆ ಹೆಂಗಸರು ಒಂದು ದಿನ ಇರೋದೂ ಕಷ್ಟ.

"ಒಂದು ಮಧ್ಯಾಹ್ನ ಶೆಲ್ ನಿಂತಾಗ ಗಂಟೆ ನಾಲ್ಕು. ಬಡಿತ ಬಂತು. ನಮ್ಮಜ್ಜಿ ಲಿಯೊಕಾದಿ ಗೋಡೆಗೆ ಮೂರು ಬಡಿದಳು. ಉತ್ತರ ಇಲ್ಲ. ಮತ್ತೆ ಬಡಿದಳು. ಇಲ್ಲ. 'ಗಿರಣಿ ಕೇಳಿದ್ದಕ್ಕೆ ಮುಖ ಊದಿಸ್ಕೊಂಡು ಕೂತಿದ್ದಾಳೆ ಕೊಬ್ಬಿದವಳು' ಅಂತ ಬೈದು... ಈ ಕಡೆ ಗೋಡೆಗೆ ತಾನೇ ಮೂರು ಬಡಿದುಬಿಟ್ಟಳು. ಎಲ್ಲರೂ ಕ್ಷೇಮ ಅಂತ. ಯಾರೂ ಗುದ್ದಲಿ ತಗೊಳ್ಳಲಿಲ್ಲ. ಎರಡು ದಿನ ಬಿಟ್ಟು ಸಿಟ್ಟಿಳಿದು ಮೇಲೆ ಹೋಗಿ ನೋಡ್ತಾಳೆ, ಲಿಯೊಕಾದಿ ಮೆಟ್ಟಿಲಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ! ಬಾಯಿ ಬಿಟ್ಟಳಾ? ಇಲ್ಲ. ನಲವತ್ತೆಂಟು ವರ್ಷ ಯಾರಿಗೂ ಹೇಳಲಿಲ್ಲ.

"ನಂಗಾಗ ಹದಿನಾರು. ಇವಳ ಥರಾನೇ ಹುಚ್ಚಿ! ಊರಿನ ನೆಲಮಾಳಿಗೆದೆಲ್ಲ ನಕ್ಷೆ ಬರೀತೀನಿ ಅಂತ ಟಾರ್ಚ್ ಹಿಡ್ಕೊಂಡು ತಿರುಗ್ತಿದ್ದೆ. ಅಜ್ಜಿ ಮಾತ್ರ ಕೆಳಗೆ ಕಾಲಿಡ್ತಾ ಇರಲಿಲ್ಲ. ಒಂದಿನ ತಮಾಷೆಗೆ ನಮ್ಮ ನೆಲಮಾಳಿಗೆಯ ಕೊನೇ ಗೋಡೆಗೆ, ಲಿಯೊಕಾದಿ ಕಡೆಯದಕ್ಕೆ, ಮೂರು ಬಡಿದೆ. ಮೇಲೆ ಗೋಪುರದಲ್ಲಿ ನಾಲ್ಕು ಹೊಡೀತು... ಗೋಡೆ ಒಳಗಿಂದ ಬಂತು ನೋಡಿ. ಒಂದು. ಒಂದು. ಒಂದು.

"ಓಡಿಹೋಗಿ ಹೇಳಿದೆ. ಅಜ್ಜಿ ಕೈಯಿಂದ ಬಟ್ಟಲು ಬಿತ್ತು. 'ಗುದ್ದಲಿ ಕೊಡೇ' ಅಂದಳು. ಎಪ್ಪತ್ಮೂರರ ಮುದುಕಿ, ಅಗೀತಾ ಅಗೀತಾ ಎಲ್ಲಾನೂ ಹೇಳಿದಳು, ಅಳ್ತಾ ಹೇಳಿದಳು. ಕತ್ತಲಾಗೋ ಹೊತ್ತಿಗೆ ಗೋಡೆ ತೂತಾಯ್ತು. ಒಳಗೆ ಏನಿತ್ತು ಗೊತ್ತಾ? ಮೂಳೆ ಇಲ್ಲ. ಬಟ್ಟೆ ಇಲ್ಲ. ನೆಲದ ಮೇಲೆ ಗಿರಣಿ ಒಂದೇ. ಬಡಿದೂ ಬಡಿದೂ ಅದರ ಮರದ ಮೂಲೆ ಸವೆದು ಮೊಟ್ಟೆ ಥರ ದುಂಡಗಾಗಿತ್ತು. ಎರಡು ದಿನದಲ್ಲಿ ಅಷ್ಟು ಸವೆಯುತ್ತಾ? ಅದಕ್ಕೆ ಅಂಟಿದ್ದ ಸುಣ್ಣದ ಪುಡಿ... ಇನ್ನೂ ಹಸಿ."

ರೆಮಿ ಕಾಫಿ ಕೆಳಗಿಟ್ಟ. "ಆ ಗೋಡೆ ಎಲ್ಲಿದೆ ಅಜ್ಜಿ?"

"ತಲೆ ಬಗ್ಗಿಸಿ ಬಂದ್ರಲ್ಲ, ಆ ಕಿಂಡಿ. ಅದನ್ನ ಅಗೆದದ್ದು ನಮ್ಮಜ್ಜೀನೇ. ನೀವು ಕೂತಿರೋದು ಲಿಯೊಕಾದಿ ಮನೇಲಿ."

ನನ್ನ ಮೈ ಜುಮ್ಮೆಂದಿತು. ಹೆದರಿಕೆಗಲ್ಲ, ಖುಷಿಗೆ! ಇಡೀ ಊರು ನೋಡಿದ್ದಕ್ಕಿಂತ ಇದು ಹೆಚ್ಚು. ಹಾಗಾದರೆ ನನ್ನ ಬೆನ್ನ ಹಿಂದಿನ ಗೋಡೆಯೇ ಸಾಲಿನ ಕೊನೆ, ಅದರಾಚೆ ಬರೀ ಕಲ್ಲು. ಮೇಲೆಲ್ಲೋ ಗೋಪುರ ನಾಲ್ಕು ಹೊಡೆಯಿತು. "ಬೇಡ ಕಣೇ," ಎಂದು ರೆಮಿ ಹೇಳುವಷ್ಟರಲ್ಲಿ ನಾನು ತಿರುಗಿ ಮೂರು ಸಲ ಬಡಿದಿದ್ದೆ.

ಬಡಿಯುವಾಗಲೇ ಕೈಗೆ ಗೊತ್ತಾಯಿತು. ಅದು ಗೋಡೆಯಲ್ಲ. ಗೋಡೆಯ ಬಣ್ಣದ್ದೇ ಗೋಣಿಪರದೆ ಹೊದಿಸಿದ ಹಲಗೆ.

ಅಜ್ಜಿ ಎದ್ದು ಬಂದು ಪರದೆ ಸರಿಸಿ ಹಲಗೆ ತೆಗೆದಳು. ಒಬ್ಬರು ಮಂಡಿಯೂರಿ ಹೋಗುವಷ್ಟು ಅಗಲದ ಸುರಂಗ, ಬೆಳಕು ಮುಟ್ಟದಷ್ಟು ಉದ್ದ. ಸುರಂಗದ ಬಾಯಲ್ಲೇ ಒಂದು ಗುದ್ದಲಿ. ಅದರ ಅಲಗಿಗೆ ಹಸಿ ಸುಣ್ಣ ಮೆತ್ತಿಕೊಂಡಿತ್ತು.

"ಮೂಳೆ ಸಿಗಲಿಲ್ಲ ಅಂದೆನಲ್ಲ..." ಅಜ್ಜಿ ನನ್ನ ಭುಜ ಹಿಡಿದಳು. "ನಮ್ಮಜ್ಜಿ ಸಾಯೋವರೆಗೂ ಅಗೆದಳು. ಆಮೇಲೆ ನಾನು. ಈ ಸಾಲಿಂದ ಎಲ್ಲರೂ ಕ್ಷೇಮ ಅಂತ ಸುಳ್ಳು ಹೋಗಿದೆ ನೋಡು, ಲಿಯೊಕಾದಿಗೆ ನಮ್ಮ ಮೇಲೆ ನಂಬಿಕೆ ಇಲ್ಲ, ಹಾಗಾಗಿ ಅವಳು ಇಲ್ಲಿ ನಿಲ್ಲಲ್ಲ, ನಾವು ಹತ್ರ ಬಂದಷ್ಟೂ ಒಳಗೊಳಗೆ ಸರೀತಾಳೆ. ಸುಮ್ನಿರಿ... ಕೇಳಿಸ್ತಾ?"

ಸುರಂಗದ ಆ ಕೊನೆಯಿಂದ, ತುಂಬಾ ದೂರದಿಂದ, ಮರದಿಂದ ಕಲ್ಲಿಗೆ ಬಡಿದ ಸದ್ದು. ಒಂದು... ಒಂದು...

ಅಜ್ಜಿಯ ಮುಖ ಅರಳಿತು. "ನನ್ನ ಮಂಡಿ ಹೋಯ್ತು ಮಗಳೇ. ಕೇಳಿಸಿಕೊಂಡವರೇ ಅಗೀಬೇಕು, ಅದು ನಮ್ಮ ಸಾಲಿನ ಪದ್ಧತಿ," ಎಂದು ಗುದ್ದಲಿಯ ಹಿಡಿಯನ್ನು ನನ್ನ ಅಂಗೈಗೆ ಒತ್ತಿದಳು. "ನೀನಾಗಿಯೇ ಬಡಿದೆಯಲ್ಲ. ಹೂಂ... ಇನ್ನು ಅವಳಿಗೆ ನಿನ್ನ ಕೈ ಗುರುತು ಸಿಕ್ತು."